ಗಾಡಿ ನಿಂತ ಮೇಲೆ ಬಿಪಿ ಮಾತ್ರೆ ಯಾರು ಕೊಡ್ತಾರೆ?

ಆರೋಗ್ಯ ಇಲಾಖೆಯಲ್ಲಿ ಯೋಜನೆಗಳಿಗೆ ಸಹಿ ಹಾಕುವ ಅಧಿಕಾರಿಗಳಿಗೆ, ಸಿಎಸ್‌ಆರ್ ಹಣ (ಲಾಭದಲ್ಲಿ ಸಮಾಜದ ಕೆಲಸಕ್ಕೆ ತೆಗೆದಿಡುವ ಪಾಲು) ಕೊಡುವ ಕಂಪನಿಗಳವರಿಗೆ, ಜೊತೆಗೆ ನಮ್ಮಂಥ ಸಂಸ್ಥೆಗಳ ಟ್ರಸ್ಟಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಾನು ಡಾಕ್ಟರ್ ಅಲ್ಲ, ನರ್ಸೂ ಅಲ್ಲ. ಬಯಲುಸೀಮೆಯ ಒಂದು ತಾಲ್ಲೂಕಿನಲ್ಲಿ, ಒಂದು ಸಣ್ಣ ಸಂಸ್ಥೆಯಲ್ಲಿ ಹನ್ನೆರಡು ವರ್ಷ ಲೆಕ್ಕ ಬರೆದವಳು. ವೋಚರ್, ಕ್ಯಾಶ್ ಬುಕ್, ಖರ್ಚಿನ ಸರ್ಟಿಫಿಕೇಟು, ಆಡಿಟ್ ಇವೇ ನನ್ನ ಕೆಲಸ. ಜನರ ಆರೋಗ್ಯದ ವಿಷಯಕ್ಕೆ ಲೆಕ್ಕದವಳು ಯಾಕೆ ಬಾಯಿ ಹಾಕುತ್ತಾಳೆ ಅಂತ ನಿಮಗೆ ಅನಿಸಬಹುದು. ಕಾರಣ ಸರಳ. ಒಂದು ಯೋಜನೆ ಯಾವ ತಿಂಗಳು ನಿಲ್ಲುತ್ತದೆ ಅನ್ನುವುದು ಎಲ್ಲರಿಗಿಂತ ಮೊದಲು ಗೊತ್ತಾಗುವುದು ಲೆಕ್ಕದವರಿಗೇ. ಡಾಕ್ಟರಿಗೆ ಆಮೇಲೆ ಗೊತ್ತಾಗುತ್ತದೆ. ರೋಗಿಗೆ ಎಲ್ಲರಿಗಿಂತ ಕೊನೆಗೆ, ಗಾಡಿ ಬಾರದ ದಿನ.

ಆ ಗಾಡಿ ಈಗ ನಮ್ಮ ಹಳೇ ಆಫೀಸಿನ ಹಿಂದೆ, ಹುಣಸೆ ಮರದ ಕೆಳಗೆ ನಿಂತಿದೆ. ನಾಲ್ಕೂ ಟೈರು ಕೂತಿವೆ. ಪಕ್ಕದ ಮನೆಯ ಕೋಳಿ ಅದರ ಫುಟ್‌ಬೋರ್ಡಿನ ಮೇಲೆ ಮೊಟ್ಟೆ ಇಡುತ್ತದೆ. ಒಂದು ಕಾಲದಲ್ಲಿ ಅದು ತಾಲ್ಲೂಕಿನ ಹನ್ನೊಂದು ಹಳ್ಳಿಗಳಿಗೆ ಹೋಗಿ ಬಿಪಿ, ಶುಗರ್ ನೋಡಿ, ತಿಂಗಳ ಮಾತ್ರೆ ಕೊಟ್ಟು ಬರುತ್ತಿದ್ದ ಸಂಚಾರಿ ಕ್ಲಿನಿಕ್. ಒಂದು ಕಂಪನಿಯ ಸಿಎಸ್‌ಆರ್ ಹಣದಲ್ಲಿ 2021ರಲ್ಲಿ ಶುರುವಾಯಿತು. 2024ರ ಮಾರ್ಚ್ 31ಕ್ಕೆ ಮುಗಿಯಿತು. ಮುಗಿಸಿದ್ದಕ್ಕೆ ನಾನು ಕಂಪನಿಯನ್ನು ಬೈಯುವುದಿಲ್ಲ. ಮೂರು ವರ್ಷ ಕೊಡುತ್ತೇವೆ ಅಂದಿದ್ದರು, ಮೂರು ವರ್ಷ ಕೊಟ್ಟರು. ಒಂದು ಕಂತೂ ತಡವಾಗಲಿಲ್ಲ. ಲೆಕ್ಕದವಳಾಗಿ ಹೇಳುತ್ತೇನೆ, ಅಂಥ ದಾನಿಗಳು ಸಿಗುವುದೇ ಕಷ್ಟ.

ನನ್ನ ತಕರಾರು ಬೇರೆ. ಬಿಪಿ ಮೂರು ವರ್ಷದ ಕಾಯಿಲೆ ಅಲ್ಲ. ಒಮ್ಮೆ ಮಾತ್ರೆ ಶುರು ಮಾಡಿದರೆ ಹೆಚ್ಚಿನವರು ಜೀವನಪೂರ್ತಿ ನುಂಗಬೇಕು. ಅರವತ್ತು ವರ್ಷದ ಅಜ್ಜಿಗೆ ಮಾತ್ರೆ ಶುರು ಮಾಡುವಾಗಲೇ ಆಕೆಗೆ ಎಪ್ಪತ್ತೈದಾದಾಗ ಅದನ್ನು ಕೊಡುವವರು ಯಾರು ಅಂತ ಯಾರಾದರೂ ಕೇಳಬೇಕಿತ್ತು, ಅಲ್ವಾ? ನಾವು ಯಾರೂ ಕೇಳಲಿಲ್ಲ. ಕಂಪನಿ ಕೇಳಲಿಲ್ಲ, ಇಲಾಖೆ ಕೇಳಲಿಲ್ಲ, ನಾವೂ ಕೇಳಿಕೊಳ್ಳಲಿಲ್ಲ.

ಸುಳ್ಳು ಹೇಳಬಾರದು. ಕಾಗದದ ಮೇಲೆ ಕೇಳಿದ್ದರು. ಹಣಕ್ಕೆ ಬರೆಯುವ ಪ್ರತಿ ಅರ್ಜಿಯಲ್ಲೂ ಕೊನೆಯಲ್ಲಿ ಒಂದು ಅಂಕಣ ಇರುತ್ತದೆ: ಅನುದಾನ ಮುಗಿದ ಮೇಲೆ ಯೋಜನೆ ಹೇಗೆ ಮುಂದುವರಿಯುತ್ತದೆ? ಅದಕ್ಕೆ ನಮ್ಮ ಹತ್ತಿರ ಒಂದು ರೆಡಿ ಉತ್ತರ ಇತ್ತು. "ಸಮುದಾಯದ ಸಹಭಾಗಿತ್ವ ಹಾಗೂ ಸರ್ಕಾರಿ ಇಲಾಖೆಗಳ ಸಮನ್ವಯದೊಂದಿಗೆ ಯೋಜನೆಯನ್ನು ಮುಂದುವರಿಸಲಾಗುವುದು." ಇದನ್ನು ಟೈಪ್ ಮಾಡಿದವಳು ನಾನೇ. ಕುಡಿಯುವ ನೀರಿನ ಅರ್ಜಿಗೂ ಇದೇ ಸಾಲು, ಹೊಲಿಗೆ ತರಬೇತಿಗೂ ಇದೇ ಸಾಲು, ಬಿಪಿ ಗಾಡಿಗೂ ಇದೇ ಸಾಲು. ಹನ್ನೆರಡು ವರ್ಷದಲ್ಲಿ ಒಬ್ಬರೂ ಫೋನ್ ಮಾಡಿ "ಸಮನ್ವಯ ಅಂದರೆ ಏನಮ್ಮಾ? ಯಾವ ಅಧಿಕಾರಿ? ಯಾವ ಬಜೆಟ್ಟು?" ಅಂತ ಕೇಳಲಿಲ್ಲ. ಕೇಳಿದ್ದರೆ ನನಗೆ ಉತ್ತರ ಗೊತ್ತಿರಲಿಲ್ಲ.

ಈಗ ನಮ್ಮ ತಪ್ಪನ್ನೇ ಮೊದಲು ಹೇಳಿಬಿಡುತ್ತೇನೆ. ಈ ಪತ್ರ ಬರೆಯಲು ಕೂತಿದ್ದೇ ಅದಕ್ಕೆ.

ಗಾಡಿ ಬರುವ ಮೊದಲು ಆ ಹನ್ನೊಂದು ಹಳ್ಳಿಗಳ ಜನ ಬಿಪಿಗೆ ಏನು ಮಾಡುತ್ತಿದ್ದರು? ಬಹಳ ಮಂದಿಗೆ ಬಿಪಿ ಇದೆ ಅನ್ನುವುದೇ ಗೊತ್ತಿರಲಿಲ್ಲ, ಅದು ನಿಜ. ಆದರೆ ಗೊತ್ತಿದ್ದವರು ಕೆಲವರು ಏಳೆಂಟು ಕಿಲೋಮೀಟರ್ ದೂರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಮಾತ್ರೆ ತರುತ್ತಿದ್ದರು. ಬೈದುಕೊಂಡೇ ಹೋಗುತ್ತಿದ್ದರು, ಕಾದು ಕಾದು ಬರುತ್ತಿದ್ದರು, ಆದರೂ ಹೋಗುತ್ತಿದ್ದರು. ಗಾಡಿ ಮನೆ ಬಾಗಿಲಿಗೇ ಬಂದಾಗ ಅವರು ಅಲ್ಲಿಗೆ ಹೋಗುವುದನ್ನು ಬಿಟ್ಟರು. ಯಾರು ತಾನೇ ಬಿಡುವುದಿಲ್ಲ? ಕಡಲೆಕಾಯಿ ಕೀಳುವ ಕಾಲದಲ್ಲಿ ಒಂದು ದಿನದ ಕೂಲಿ ಬಿಟ್ಟು ಬಸ್ಸಿಗೆ ಕಾಯುವುದಕ್ಕಿಂತ ಅರಳಿಕಟ್ಟೆ ಹತ್ತಿರ ಬಂದು ನಿಂತ ಗಾಡಿ ಒಳ್ಳೆಯದೇ. ನಾವು ಅದನ್ನು ನಮ್ಮ ಗೆಲುವು ಅಂತ ಬರೆದುಕೊಂಡೆವು. ವರದಿಯಲ್ಲಿ ತಿಂಗಳಿಂದ ತಿಂಗಳಿಗೆ ಸಂಖ್ಯೆ ಏರುತ್ತಿತ್ತು.

ಆದರೆ ನಮ್ಮ ಸಂಖ್ಯೆ ಏರುವಾಗ ಆರೋಗ್ಯ ಕೇಂದ್ರದ ಸಂಖ್ಯೆ ಇಳಿಯುತ್ತಿತ್ತು. ಅದನ್ನು ಯಾರೂ ನೋಡಲಿಲ್ಲ. ಸರ್ಕಾರಿ ಆಸ್ಪತ್ರೆಗೆ ಔಷಧಿ ಹೇಗೆ ಬರುತ್ತದೆ ಅಂತ ನನಗೂ ಆಗ ಸರಿಯಾಗಿ ಗೊತ್ತಿರಲಿಲ್ಲ. ಅವರು ವರ್ಷಕ್ಕೆ ಇಷ್ಟು ಬೇಕು ಅಂತ ಇಂಡೆಂಟ್ ಹಾಕಬೇಕು. ರಾಜ್ಯದ ವೈದ್ಯಕೀಯ ಸರಬರಾಜು ನಿಗಮ ಅದನ್ನು ನೋಡಿ ಖರೀದಿಸಿ ಗೋದಾಮಿಗೆ ಕಳಿಸಬೇಕು. ಎಷ್ಟು ಬೇಕು ಅಂತ ನಿರ್ಧಾರವಾಗುವುದು ಮುಖ್ಯವಾಗಿ ಹಿಂದಿನ ವರ್ಷ ಎಷ್ಟು ಖರ್ಚಾಯಿತು, ರಿಜಿಸ್ಟರಿನಲ್ಲಿ ಎಷ್ಟು ರೋಗಿಗಳಿದ್ದಾರೆ ಅನ್ನುವುದರ ಮೇಲೆ. ನಮ್ಮ ರೋಗಿಗಳ ಹೆಸರು ಇದ್ದದ್ದು ನಮ್ಮ ರಿಜಿಸ್ಟರಿನಲ್ಲಿ. ಕಂಪನಿಯ ಬಣ್ಣ ಹಚ್ಚಿದ ನಮ್ಮ ಕಾರ್ಡಿನಲ್ಲಿ. ಬಿಪಿ, ಶುಗರ್‌ನಂಥ ಅಂಟದ ಕಾಯಿಲೆಗಳ ರೋಗಿಗಳನ್ನು ದಾಖಲಿಸುವ ಸರ್ಕಾರದ ಎನ್‌ಸಿಡಿ ಪೋರ್ಟಲಿನಲ್ಲಿ ಅವರಲ್ಲಿ ಹೆಚ್ಚಿನವರು ಇರಲೇ ಇಲ್ಲ. ಸರ್ಕಾರದ ಲೆಕ್ಕದಲ್ಲಿ ಆ ಹನ್ನೊಂದು ಹಳ್ಳಿಗಳಲ್ಲಿ ಬಿಪಿಯೇ ಕಡಿಮೆ!

ಹಾಗಾಗಿ 2024ರ ಏಪ್ರಿಲ್‌ನಲ್ಲಿ ಗಾಡಿ ನಿಂತಾಗ ಜನ ಮತ್ತೆ ಆರೋಗ್ಯ ಕೇಂದ್ರಕ್ಕೆ ಹೋದರೆ ಅಲ್ಲಿ ಅವರಿಗಾಗಿ ಮಾತ್ರೆ ಇರಲಿಲ್ಲ. ಇದ್ದಷ್ಟನ್ನೇ ಹಂಚಬೇಕಿತ್ತು. ನಮ್ಮ ಒಬ್ಬ ಅಜ್ಜಿಗೆ ಹತ್ತು ದಿನದ ಮಾತ್ರೆ ಕೊಟ್ಟು ಮತ್ತೆ ಬಾ ಅಂದರಂತೆ. ಹತ್ತು ದಿನಕ್ಕೊಮ್ಮೆ ಹೋಗಿ ಬರಲು ಆಕೆಗೆ ಆಗಲಿಲ್ಲ. ಆಕೆಯ ಬಿಪಿ ಮಾತ್ರೆ ಅಮ್ಲೋಡಿಪಿನ್ ದುಬಾರಿ ಏನಲ್ಲ. ಬಸ್ ಚಾರ್ಜು ಬೇಡ ಅಂದುಕೊಂಡರೂ, ಹೋಗಿ ಬರಲು ಒಂದು ದಿನ ಹಾಳು, ಜೊತೆಗೆ ಹೋಗುವ ಮಗಳ ಕೂಲಿಯೂ ಹಾಳು. ಆಕೆ ಮಾತ್ರೆಯನ್ನು ಅರ್ಧ ಮುರಿದು ನುಂಗತೊಡಗಿದಳು. ಸಂತೆಯಲ್ಲಿ ಸಿಕ್ಕಾಗ ನನ್ನ ಕೈ ಹಿಡಿದುಕೊಂಡು ಕೇಳಿದಳು: "ಏನವ್ವಾ, ನಿಮ್ ಗಾಡಿ ಕೆಟ್ಟೋಯ್ತಾ?" ಕೆಟ್ಟಿಲ್ಲ ಅಜ್ಜೀ, ಪ್ರಾಜೆಕ್ಟ್ ಮುಗೀತು ಅಂದೆ. ಆಕೆಗೆ ಅರ್ಥವಾಗಲಿಲ್ಲ. "ನನ್ ಬಿಪಿ ಇನ್ನೂ ಮುಗ್ದಿಲ್ವಲ್ಲ" ಅಂದಳು. ತಮಾಷೆಗೆ ಹೇಳಿದ್ದಲ್ಲ, ನಿಜವಾಗಿಯೂ ಕೇಳಿದ್ದು.

ಆರೋಗ್ಯ ಕೇಂದ್ರದ ಸಿಸ್ಟರ್ ತಪ್ಪು ಇದರಲ್ಲಿ ಏನೂ ಇಲ್ಲ. ಇಂಡೆಂಟಿನಲ್ಲಿ ಇಲ್ಲದ ಮಾತ್ರೆಯನ್ನು ಅವರು ಎಲ್ಲಿಂದ ತರಬೇಕು?

ಗಾಡಿ ನಿಂತದ್ದು ದೊಡ್ಡ ತಪ್ಪಲ್ಲ, ಗಾಡಿ ಬಂದ ರೀತಿಯೇ ತಪ್ಪು ಅಂತ ನನಗೆ ಆವತ್ತು ಹೊಳೆಯಿತು. ಇದ್ದ ವ್ಯವಸ್ಥೆಯ ಪಕ್ಕದಲ್ಲಿ ನಾವು ಇನ್ನೊಂದು ಚಂದದ ವ್ಯವಸ್ಥೆ ಕಟ್ಟಿದೆವು. ಜನರನ್ನು ಅಲ್ಲಿಂದ ಇಲ್ಲಿಗೆ ಕರೆದುಕೊಂಡೆವು. ಮೂರು ವರ್ಷದ ನಂತರ ನಮ್ಮದನ್ನು ಬಿಚ್ಚಿಕೊಂಡು ಹೊರಟೆವು. ಅಷ್ಟರಲ್ಲಿ ಅಲ್ಲಿದ್ದ ಜಾಗವೂ ಸಣ್ಣದಾಗಿತ್ತು. ಏನೂ ಮಾಡದೇ ಇದ್ದಿದ್ದರೆ ಕೆಲವರ ಮಟ್ಟಿಗಾದರೂ ಪರಿಸ್ಥಿತಿ ಇದಕ್ಕಿಂತ ಒಳ್ಳೆಯದಿರುತ್ತಿತ್ತು ಅನ್ನುವುದನ್ನು ಬರೆಯಲು ನನಗೆ ಕಷ್ಟವಾಗುತ್ತಿದೆ. ನಮ್ಮ ಡ್ರೈವರ್, ನಮ್ಮ ಇಬ್ಬರು ನರ್ಸ್‌ಗಳು ಎಷ್ಟು ದುಡಿದರು ಅಂತ ನನಗೆ ಗೊತ್ತು. ದುಡಿಮೆ ಸುಳ್ಳಾಗಲಿಲ್ಲ. ಯೋಜನೆಯ ನಕ್ಷೆಯೇ ತಪ್ಪಾಗಿತ್ತು.

ಕಂಪನಿಗಳವರಿಗೆ ಒಂದು ಮಾತು. ನಿಮ್ಮ ಕೈಯೂ ಕಟ್ಟಿದೆ ಅಂತ ಗೊತ್ತು. 2013ರ ಕಂಪನಿ ಕಾಯ್ದೆಯ 135ನೇ ಕಲಮು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟು ಖರ್ಚು ಮಾಡಿ ಅನ್ನುತ್ತದೆ. 2021ರಲ್ಲಿ ಬಂದ ನಿಯಮದ ಪ್ರಕಾರ ಒಂದು ಯೋಜನೆಯನ್ನು ಶುರುವಾದ ಹಣಕಾಸು ವರ್ಷ ಬಿಟ್ಟು ಹೆಚ್ಚೆಂದರೆ ಮೂರು ವರ್ಷ ನಡೆಸಬಹುದು. ಸಂಸ್ಥೆಯ ಮೂಲನಿಧಿಗೆ, ಅಂದರೆ ಬ್ಯಾಂಕಿನಲ್ಲಿಟ್ಟು ಬಡ್ಡಿಯಿಂದ ಕೆಲಸ ನಡೆಸುವ ಗಂಟಿಗೆ, ಕೊಟ್ಟ ಹಣ ಈಗ ಸಿಎಸ್‌ಆರ್ ಲೆಕ್ಕಕ್ಕೆ ಬರುವುದಿಲ್ಲ. ಅಂದರೆ ಕಾನೂನೇ ನಮಗೆ "ಮೂರ್ನಾಲ್ಕು ವರ್ಷಕ್ಕಿಂತ ಮುಂದೆ ಯೋಚಿಸಬೇಡಿ" ಅಂದಂತಾಯಿತು. ವಿದೇಶದ ಹಣದ ಕಥೆಯೂ ಅಷ್ಟೇ. ವಿದೇಶಿ ದೇಣಿಗೆಯ ಕಾಯ್ದೆ ಎಫ್‌ಸಿಆರ್‌ಎಗೆ 2020ರಲ್ಲಿ ಬಂದ ತಿದ್ದುಪಡಿಯ ನಂತರ ದೊಡ್ಡ ಸಂಸ್ಥೆ ತನಗೆ ಬಂದ ಹಣದಲ್ಲಿ ಸ್ವಲ್ಪವನ್ನು ನಮ್ಮಂಥ ತಾಲ್ಲೂಕಿನ ಸಂಸ್ಥೆಗೆ ದಾಟಿಸುವಂತಿಲ್ಲ. ಆಡಳಿತದ ಖರ್ಚಿನ ಮಿತಿಯೂ ಶೇ 50ರಿಂದ 20ಕ್ಕೆ ಇಳಿಯಿತು. ಲೆಕ್ಕ ಬರೆಯುವವರ ಸಂಬಳ ಬರುವುದು ಆ ಆಡಳಿತದ ತಲೆಬರಹದಲ್ಲೇ ಅನ್ನುವುದು ನನ್ನ ಸ್ವಂತ ನೋವು, ಇರಲಿ ಬಿಡಿ.

ಆದರೆ ನಿಯಮದಲ್ಲಿ ಎಲ್ಲೂ ಹೀಗೆ ಬರೆದಿಲ್ಲ: ರೋಗಿಗಳಿಗೆ ಬೇರೆ ಕಾರ್ಡ್ ಮಾಡಿಸಿ, ಬೇರೆ ರಿಜಿಸ್ಟರ್ ಇಡಿ, ಗಾಡಿಯ ಮೇಲೆ ನಿಮ್ಮ ಹೆಸರು ಎದ್ದು ಕಾಣಲಿ. ಅದನ್ನು ನೀವು ಕೇಳಿದ್ದು, ನಾವು ಖುಷಿಯಾಗಿ ಒಪ್ಪಿದ್ದು. ಗಾಡಿ ಯಾರ ಹೆಸರಿನಲ್ಲಿದೆ ಗೊತ್ತಾ? ನಮ್ಮ ಟ್ರಸ್ಟಿನ ಹೆಸರಿನಲ್ಲಿ. ಸಿಎಸ್‌ಆರ್ ಹಣದಲ್ಲಿ ಕೊಂಡ ಆಸ್ತಿ ಕಂಪನಿಯ ಹೆಸರಿನಲ್ಲಿ ಇರುವಂತಿಲ್ಲ. ನೋಂದಾಯಿತ ಟ್ರಸ್ಟು, ಸಂಘ, ಫಲಾನುಭವಿಗಳ ಗುಂಪು ಅಥವಾ ಸರ್ಕಾರಿ ಪ್ರಾಧಿಕಾರದ ಹೆಸರಿನಲ್ಲಿ ಇರಬಹುದು. ಸರ್ಕಾರಿ ಪ್ರಾಧಿಕಾರ ಅನ್ನುವ ಆ ಕೊನೆಯ ದಾರಿ ಮೊದಲ ದಿನವೇ ತೆರೆದಿತ್ತು. ಗಾಡಿಯನ್ನು ಆಗಲೇ ಇಲಾಖೆಯ ಹೆಸರಿಗೆ ಮಾಡಿ, ನಡೆಸುವ ಕೆಲಸ ಮಾತ್ರ ನಾವು ಮಾಡಬಹುದಿತ್ತು. ನಾವು ಆ ದಾರಿ ಹಿಡಿಯಲಿಲ್ಲ. ಟ್ರಸ್ಟಿನ ಹೆಸರಿನಲ್ಲಿ ಗಾಡಿ ಇದ್ದರೆ ಗೌರವ ಜಾಸ್ತಿ ಅಂತ ಎಲ್ಲರಿಗೂ ಅನಿಸಿತ್ತು. ಈಗ ಇನ್ಶೂರೆನ್ಸ್ ಇಲ್ಲ, ಓಡಿಸಲು ಯೋಗ್ಯ ಅನ್ನುವ ಸರ್ಟಿಫಿಕೇಟು (ಎಫ್‌ಸಿ) ಮುಗಿದಿದೆ, ಡೀಸೆಲ್‌ಗೆ ದುಡ್ಡಿಲ್ಲ. ಗೌರವ ಮಾತ್ರ ಹುಣಸೆ ಮರದ ಕೆಳಗೆ ನಿಂತಿದೆ.

ಮೌಲ್ಯಮಾಪನದ ವಿಷಯವನ್ನೂ ಹೇಳಬೇಕು. ದೊಡ್ಡ ಸಿಎಸ್‌ಆರ್ ಬಾಧ್ಯತೆ ಇರುವ ಕಂಪನಿಗಳು ಒಂದು ಕೋಟಿ ರೂಪಾಯಿ ಅಥವಾ ಅದಕ್ಕೂ ಮೇಲಿನ ಯೋಜನೆಗಳ ಪರಿಣಾಮವನ್ನು, ಯೋಜನೆ ಮುಗಿದು ಕನಿಷ್ಠ ಒಂದು ವರ್ಷ ಆದ ಮೇಲೆ, ಹೊರಗಿನವರಿಂದ ಅಳೆಸಬೇಕು. ಒಳ್ಳೆಯ ನಿಯಮ. ನಮ್ಮಲ್ಲಿಗೂ ಬಂದರು. ಟ್ಯಾಬ್ ಹಿಡಿದುಕೊಂಡು ಇಬ್ಬರು ಹುಡುಗರು, ಬಹಳ ಸಭ್ಯರು. ಗಾಡಿ ಬರುತ್ತಿದ್ದ ಕಾಲದಲ್ಲಿ ಸೇವೆ ಹೇಗಿತ್ತು, ಸಿಬ್ಬಂದಿ ಚೆನ್ನಾಗಿ ಮಾತಾಡಿಸುತ್ತಿದ್ದರಾ, ಹಣ ಉಳಿಯಿತಾ ಅಂತೆಲ್ಲ ಕೇಳಿದರು. ಜನ ಎಲ್ಲದಕ್ಕೂ ಬಹಳ ಚೆನ್ನಾಗಿತ್ತು ಅಂದರು. ನಿಜವೇ ಹೇಳಿದರು. "ಈಗ ಮಾತ್ರೆ ಎಲ್ಲಿಂದ ತರುತ್ತೀರಿ?" ಅನ್ನುವ ಪ್ರಶ್ನೆ ಅವರ ಟ್ಯಾಬಿನಲ್ಲಿ ಇರಲಿಲ್ಲ. ವರದಿ ಚೆನ್ನಾಗಿ ಬಂದಿತು ಅಂತ ಕೇಳಿದೆ.

ಹಾಗಾದರೆ ಸರಿಯಾಗಿ ಕೈ ಬದಲಾಯಿಸಿದ ಉದಾಹರಣೆಯೇ ಇಲ್ಲವೇ ಅಂದರೆ, ಇದೆ. ಅದೂ ನಮ್ಮ ರಾಜ್ಯದಲ್ಲೇ ನಡೆದದ್ದು. ಎಚ್‌ಐವಿ ತಡೆಯಲು 2003ರಲ್ಲಿ ಗೇಟ್ಸ್ ಪ್ರತಿಷ್ಠಾನದವರು ಆವಾಹನ್ ಅನ್ನುವ ಯೋಜನೆ ಶುರು ಮಾಡಿದರು. ಕರ್ನಾಟಕ, ಆಗಿನ ಆಂಧ್ರಪ್ರದೇಶ, ಮಹಾರಾಷ್ಟ್ರ, ತಮಿಳುನಾಡು, ಮಣಿಪುರ, ನಾಗಾಲ್ಯಾಂಡ್, ಹೀಗೆ ಆರು ರಾಜ್ಯ. ಲೈಂಗಿಕ ವೃತ್ತಿಯ ಮಹಿಳೆಯರು, ಸಲಿಂಗಿ ಪುರುಷರು, ಲಾರಿ ಡ್ರೈವರುಗಳ ನಡುವೆ ಕೆಲಸ. ನಮ್ಮಲ್ಲಿ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಇದನ್ನು ಜಿಲ್ಲೆ ಜಿಲ್ಲೆಗೆ ಒಯ್ದಿತು. ದುಡ್ಡು ಧಾರಾಳವಾಗಿತ್ತು. ಅಷ್ಟು ಖರ್ಚಿನ ಯೋಜನೆಯನ್ನು ಸರ್ಕಾರ ಎಂದಾದರೂ ಹೊರಲು ಸಾಧ್ಯವೇ ಅಂತ ಟೀಕೆಯೂ ಬಂತು.

ನನಗೆ ಅದರಲ್ಲಿ ಇಷ್ಟವಾಗುವುದು ಶುರು ಮಾಡಿದ ರೀತಿ ಅಲ್ಲ, ಬಿಟ್ಟುಕೊಟ್ಟ ರೀತಿ. ಒಂದೇ ದಿನ ಬೀಗದ ಕೈ ಎಸೆದು ಹೋಗಲಿಲ್ಲ. 2009ರಲ್ಲಿ ಕಾರ್ಯಕ್ರಮದ ಸುಮಾರು ಶೇ 10 ಭಾಗ ಸರ್ಕಾರದ ಏಡ್ಸ್ ನಿಯಂತ್ರಣ ವ್ಯವಸ್ಥೆಗೆ ಹೋಯಿತು. 2011ರಲ್ಲಿ ಶೇ 20. ಉಳಿದ ಶೇ 70 ಭಾಗ 2012ರಲ್ಲಿ. ಮೊದಲ ಕಂತಿನಲ್ಲಿ ಎಡವಿದ್ದನ್ನು ನೋಡಿ ಮುಂದಿನ ಕಂತುಗಳಿಗೆ ಸಿದ್ಧತೆ ಹೆಚ್ಚಿಸಿಕೊಂಡರು. ಹಸ್ತಾಂತರಕ್ಕೆ ಮೊದಲೇ ಸಂಬಳ, ಸಿಬ್ಬಂದಿ ಸಂಖ್ಯೆ, ವರದಿಯ ನಮೂನೆ ಎಲ್ಲವನ್ನೂ ಸರ್ಕಾರದ ದರಕ್ಕೆ, ಸರ್ಕಾರದ ನಮೂನೆಗೆ ಇಳಿಸಿದರು. ಲೆಕ್ಕದವಳಿಗೆ ಇದರ ಬೆಲೆ ಗೊತ್ತು. ಚೆಕ್ ಕೊಡುವವರು ಬದಲಾಗುವ ದಿನ ಸಂಬಳ ಅರ್ಧಕ್ಕೆ ಇಳಿದರೆ ಮರುದಿನ ಯಾರೂ ಕೆಲಸಕ್ಕೆ ಬರುವುದಿಲ್ಲ. ಕೈ ಬದಲಾದ ಮೇಲೂ ಸ್ವಲ್ಪ ಕಾಲ ಬೆನ್ನ ಹಿಂದೆ ನಿಂತು ಸಹಾಯ ಮಾಡಿದರು. ಎಲ್ಲ ಸುಸೂತ್ರವಾಗಿತ್ತು ಅಂತ ನಾನು ಹೇಳುವುದಿಲ್ಲ. ಸರ್ಕಾರದ ಹಣ ತಡವಾಗಿ ಬರುವ ತಾಪತ್ರಯ ಅಲ್ಲೂ ಇತ್ತು. ಸ್ಥಳದಲ್ಲೇ ಬೇಕಾದ ಹಾಗೆ ಬದಲಾಯಿಸಿಕೊಳ್ಳುವ ಸ್ವಾತಂತ್ರ್ಯವೂ ಕಡಿಮೆಯಾಯಿತು. ಆದರೂ ಮುಖ್ಯ ಸೇವೆಗಳು ಬಹುತೇಕ ಉಳಿದವು. ಮೈಸೂರಿನ ಆಶೋದಯದಂಥ ಕಡೆ ಲೈಂಗಿಕ ವೃತ್ತಿಯವರೇ ತಮ್ಮ ಸಂಘಟನೆ ಕಟ್ಟಿಕೊಂಡು ನಡೆಸುತ್ತಿದ್ದರು, ಸೇವೆ ಉಳಿಯಲು ಅದೂ ಒಂದು ಕಾರಣ.

ಇದರ ಪಕ್ಕದಲ್ಲಿ 2025ರ ಜನವರಿಯನ್ನು ಇಟ್ಟು ನೋಡಿ. ಅಮೆರಿಕದಲ್ಲಿ ಹೊಸ ಸರ್ಕಾರ ವಿದೇಶಿ ನೆರವನ್ನು ತಡೆದಿದ್ದೇ ತಡ, ಹೈದರಾಬಾದ್, ಪುಣೆ, ಕಲ್ಯಾಣ್‌ಗಳಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗಾಗಿ ನಡೆಯುತ್ತಿದ್ದ ಮಿತ್ರ್ ಕ್ಲಿನಿಕ್‌ಗಳ ಬಾಗಿಲು ಮುಚ್ಚಿದವು. ಹೈದರಾಬಾದಿನದು 2021ರಲ್ಲಿ ತೆರೆದದ್ದು. ಅಲ್ಲಿ ಚಿಕಿತ್ಸೆ ಪಡೆಯುತ್ತಿದ್ದವರು ಬೇರೆ ಆಸ್ಪತ್ರೆಗೆ ಹೋಗಬಹುದಲ್ಲ ಅಂತ ಸುಮ್ನೆ ಹೇಳಬಹುದು. ಬೇರೆ ಕಡೆ ಅವಮಾನ ಆಗುತ್ತದೆ ಅಂತಲೇ ಅವರು ಅಲ್ಲಿಗೆ ಬಂದದ್ದು. ಸಾವಿರಾರು ಮೈಲಿ ದೂರದ ಒಂದು ಸಹಿ, ಇಲ್ಲಿ ಒಂದು ಬಾಗಿಲು. ಆವಾಹನ್‌ಗೆ ಬಿಟ್ಟುಕೊಡಲು ವರ್ಷಗಳೇ ಇದ್ದವು, ಇವರಿಗೆ ವಾರಗಳೂ ಸಿಗಲಿಲ್ಲ.

ಇನ್ನು ಇಲಾಖೆಯವರೇ, ಸರ್ಕಾರದ ಕೈಗೆ ಕೊಟ್ಟರೆ ಸಾಕು, ಎಲ್ಲ ತಾನಾಗೇ ಉಳಿಯುತ್ತದೆ ಅಂತ ನಾನು ನಂಬಿಲ್ಲ. ಬೇಜಾರು ಮಾಡಿಕೊಳ್ಳಬೇಡಿ. ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ 1957ರಲ್ಲಿ ಮಂಗನ ಕಾಯಿಲೆ ಕಂಡುಬಂತು. ದಶಕಗಳ ಕಾಲ ಮಲೆನಾಡಿನ ಜನ ತೋಳು ಒಡ್ಡಿ ಲಸಿಕೆ ಹಾಕಿಸಿಕೊಂಡರು. ಅದರ ಶಕ್ತಿ ಕುಂದಿದೆ ಅಂತ 2022ರಲ್ಲಿ ಅದು ನಿಂತಿತು. ಹಳೆಯದು ಸೋಲುತ್ತಿದೆ ಅನ್ನುವ ಸೂಚನೆ ಬಂದಾಗಲೇ ಹೊಸದರ ಕೆಲಸ ಮುಗಿದಿರಬೇಕಿತ್ತು. ಕಾಯಿಲೆ ಮಾತ್ರ ಪ್ರತಿ ಬೇಸಿಗೆ ತಪ್ಪದೆ ಬರುತ್ತಿದೆ. ಯಶಸ್ವಿನಿಯ ಕಥೆಯೂ ನೆನಪಿದೆಯಲ್ಲ? 2003ರಲ್ಲಿ ಸಹಕಾರ ಸಂಘದ ರೈತರು ತಿಂಗಳಿಗೆ 5 ರೂಪಾಯಿ ಲೆಕ್ಕದಲ್ಲಿ ಕಟ್ಟಿ ಆಪರೇಷನ್ ಮಾಡಿಸಿಕೊಳ್ಳುವಂತೆ ಮಾಡಿದ ಯೋಜನೆ. 2018ರಲ್ಲಿ ಅದನ್ನು ಬೇರೆ ಯೋಜನೆಯೊಳಗೆ ಸೇರಿಸಿ ನಿಲ್ಲಿಸಿದರು. ಜನ ಕೇಳುತ್ತಲೇ ಇದ್ದರು. 2022ರ ಕೊನೆಗೆ ಮತ್ತೆ ತಂದರು. ನಡುವೆ ನಾಲ್ಕು ವರ್ಷ ಖಾಲಿ. ನಮ್ಮ ಮಾವನವರು ಹಳೇ ಕಾರ್ಡನ್ನು ಎಸೆಯದೆ ದೇವರ ಫೋಟೋ ಹಿಂದೆ ಇಟ್ಟಿದ್ದರು, ಮತ್ತೆ ಬಂದೇ ಬರುತ್ತೆ ಅಂತ. ಅವರ ನಂಬಿಕೆ ದೊಡ್ಡದು.

ನಿಮ್ಮ ಸ್ವಂತ ಸಿಬ್ಬಂದಿಯನ್ನೇ ನೋಡಿ. ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಶುರುವಾದದ್ದು 2005ರಲ್ಲಿ. ಎರಡು ದಶಕದ ನಂತರವೂ ಅದರಲ್ಲಿ ದುಡಿಯುವ ಎಷ್ಟೋ ಮಂದಿ ಗುತ್ತಿಗೆಯವರೇ. ಆಶಾ ಅಕ್ಕಂದಿರು ಗೌರವಧನ ಹೆಚ್ಚಿಸಿ ಅಂತ 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ರಾತ್ರಿ ಮಲಗಿದ್ದರು. ಹಳ್ಳಿಯಲ್ಲಿ ಯಾರಿಗೆ ಬಿಪಿ ಇದೆ, ಯಾರ ಮನೆ ಎಲ್ಲಿ, ಯಾರು ಕೂಲಿಗೆ ಅಂತ ಬೆಂಗಳೂರಿಗೆ ಹೋಗಿ ಹಬ್ಬಕ್ಕೆ ಮಾತ್ರ ಬರುತ್ತಾರೆ ಅಂತ ಗೊತ್ತಿರುವುದು ಅವರಿಗೆ. ಗಾಡಿ ಹೋಗುತ್ತದೆ, ಆಶಾ ಅಕ್ಕ ಅಲ್ಲೇ ಇರುತ್ತಾಳೆ. ಆಕೆಯ ಕೈಗೆ ಯೋಜನೆ ಕೊಡುತ್ತೇವೆ ಅನ್ನುವವರು ಮೊದಲು ಆಕೆಯ ತಿಂಗಳ ಹಣ ಸರಿಯಾಗಿ ಬರುತ್ತದಾ ನೋಡಬೇಕು.

ನನಗೆ ಈಗ ಇದೆಲ್ಲ ನೆನಪಾಗಲು ಕಾರಣ ಇದೆ. 2024ರಲ್ಲಿ ಕೋಲಾರದಲ್ಲಿ ಶುರು ಮಾಡಿ ಆಮೇಲೆ ಬೇರೆ ಜಿಲ್ಲೆಗಳಿಗೂ ತಂದ ಗೃಹ ಆರೋಗ್ಯ ಯೋಜನೆಯಲ್ಲಿ ನೀವೇ ಮನೆಮನೆಗೆ ಹೋಗಿ ಬಿಪಿ, ಶುಗರ್ ನೋಡುತ್ತಿದ್ದೀರಿ. ಬಹಳ ಸಂತೋಷ. ನಾವು ಗಾಡಿಯಲ್ಲಿ ಮಾಡಿದ್ದನ್ನು ಇಲಾಖೆಯೇ ತನ್ನ ಸಿಬ್ಬಂದಿಯಿಂದ ಮಾಡುವುದು ಎಂದಿಗೂ ಮೇಲು. ಆದರೆ ಇದರ ಸುತ್ತ ಕಂಪನಿಗಳು, ಸಂಸ್ಥೆಗಳು ಮತ್ತೆ ಬಂದು ಸೇರುತ್ತವೆ. ಒಬ್ಬರು ಮಷೀನ್ ಕೊಡುತ್ತೇವೆ ಅನ್ನುತ್ತಾರೆ, ಒಬ್ಬರು ಆ್ಯಪ್, ಒಬ್ಬರು ಹೆಚ್ಚುವರಿ ನರ್ಸ್. ಬೇಡ ಅನ್ನಬೇಡಿ. ಆದರೆ ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಒಂದು ಪ್ರಶ್ನೆ ಕೇಳಿ: ನೀವು ಹೋದ ಮರುದಿನ ಬೆಳಿಗ್ಗೆ ಈ ಕೆಲಸಕ್ಕೆ ಯಾರು ಬರುತ್ತಾರೆ, ಅವರ ಸಂಬಳ ಯಾವ ಬಜೆಟ್ ತಲೆಬರಹದಲ್ಲಿದೆ? ಉತ್ತರ ಸಿಗದಿದ್ದರೆ ಉದ್ಘಾಟನೆಯ ರಿಬ್ಬನ್ ಕೊಳ್ಳುವುದು ಬೇಡ.

ನಾನು ಕೇಳುವುದು ಜಾಸ್ತಿ ಏನಿಲ್ಲ. ಹೊರಗಿನ ಹಣದಲ್ಲಿ ನಡೆಯುವ ಯಾವುದೇ ಆರೋಗ್ಯ ಯೋಜನೆಯ ರೋಗಿಯ ಹೆಸರು ಮೊದಲ ದಿನವೇ ಸರ್ಕಾರದ ರಿಜಿಸ್ಟರಿಗೆ ಹೋಗಲಿ. ಮಾತ್ರೆಯನ್ನು ದಾನಿಯೇ ಕೊಂಡುಕೊಟ್ಟರೂ ಆರೋಗ್ಯ ಕೇಂದ್ರದ ಇಂಡೆಂಟಿನಲ್ಲಿ ಆ ರೋಗಿಯ ಲೆಕ್ಕ ಇರಲಿ. ಆಗ ದಾನಿ ಹೋದ ದಿನ ಗೋದಾಮು ಖಾಲಿ ಇರುವುದಿಲ್ಲ. ಬಿಪಿ ಮಾತ್ರೆಯ ಆಯ್ಕೆಯೂ ಸರ್ಕಾರದ ಪಟ್ಟಿಯಲ್ಲಿ ಇರುವುದೇ ಆಗಿರಲಿ. ನಮ್ಮ ಗಾಡಿಯಲ್ಲಿ ಕೆಲವರಿಗೆ ಒಂದು ಕಂಪನಿಯ ಎರಡು ಔಷಧಿ ಸೇರಿದ ಮಾತ್ರೆ ಕೊಡುತ್ತಿದ್ದೆವು. ಅದು ಆರೋಗ್ಯ ಕೇಂದ್ರದಲ್ಲಿ ಇರಲೇ ಇಲ್ಲ. ಕೇಂದ್ರದಲ್ಲಿ ಬೇರೆ ಬಣ್ಣದ ಮಾತ್ರೆ ಕೊಟ್ಟಾಗ ಜನ ಇದು ನಮ್ಮ ಮಾತ್ರೆ ಅಲ್ಲ ಅಂತ ವಾಪಸ್ ಕೊಟ್ಟು ಬಂದರು. ಇಷ್ಟು ಸಣ್ಣ ವಿಷಯ, ಆದರೆ ಒಂದು ಗುಂಪು ಜನ ಚಿಕಿತ್ಸೆ ಬಿಟ್ಟದ್ದೇ ಇದಕ್ಕೆ.

ಕೊನೆಯ ವರ್ಷದ ಬಜೆಟ್ಟನ್ನು ಬೇರೆ ರೀತಿ ಮಾಡಿ. ಈಗ ನಾವು ಕೊನೆಯ ವರ್ಷ ಇನ್ನೂ ನಾಲ್ಕು ಹಳ್ಳಿ ಸೇರಿಸುತ್ತೇವೆ, ಯಾಕೆಂದರೆ ವರದಿಯಲ್ಲಿ ಏರಿಕೆ ಕಾಣಬೇಕು. ಆ ವರ್ಷ ಹೊಸ ಹಳ್ಳಿ ಬೇಡ. ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿ (ಸಿಎಚ್‌ಒ) ಜೊತೆ, ಆಶಾ ಜೊತೆ ನಮ್ಮ ನರ್ಸ್ ಮನೆಮನೆಗೆ ಹೋಗಿ "ಮುಂದಿನ ತಿಂಗಳಿಂದ ಇವರ ಹತ್ತಿರ ಬನ್ನಿ" ಅಂತ ಹೇಳಿ ಬರಲಿ. ಒಬ್ಬ ಡಾಕ್ಟರ್ ರಜೆ ಮೇಲೆ ಹೋಗುವಾಗ ತನ್ನ ರೋಗಿಯನ್ನು ಇನ್ನೊಬ್ಬ ಡಾಕ್ಟರಿಗೆ ಒಪ್ಪಿಸುವುದಿಲ್ಲವೇ, ಹಾಗೆ. ಅದಕ್ಕೆ ಖರ್ಚಾಗುತ್ತದೆ, ಅದನ್ನೂ ಅರ್ಜಿಯಲ್ಲೇ ಬರೆಯೋಣ, ದಾನಿ ಕೊಡಲಿ. ಜಿಲ್ಲೆಯಿಂದ ರಾಜ್ಯಕ್ಕೆ ಹೋಗುವ ರಾಷ್ಟ್ರೀಯ ಆರೋಗ್ಯ ಅಭಿಯಾನದ (ಎನ್‌ಎಚ್‌ಎಂ) ಯೋಜನಾ ಪಟ್ಟಿ ಈಗ ಎರಡು ವರ್ಷಕ್ಕೊಮ್ಮೆ ಆಗುತ್ತದೆ. ಒಂದು ನರ್ಸ್ ಹುದ್ದೆ ಅದರೊಳಗೆ ಸೇರಬೇಕಾದರೆ ಯೋಜನೆ ಮುಗಿಯುವ ತಿಂಗಳು ಓಡಿ ಹೋಗಿ ಪ್ರಯೋಜನವಿಲ್ಲ, ಎರಡು ವರ್ಷ ಮೊದಲೇ ಟೇಬಲ್ಲಿಗೆ ಹೋಗಬೇಕು. ನಾವು ಹೋದದ್ದು ಫೆಬ್ರವರಿಯಲ್ಲಿ. ಮಾರ್ಚಿಗೆ ಬೀಗ. ಅಲ್ಲಿದ್ದ ಅಧಿಕಾರಿಗೆ ನಗು ಬಂದಿರಬೇಕು, ಆದರೂ ಕಾಫಿ ಕೊಟ್ಟು ಕಳಿಸಿದರು.

ಜನರಿಂದಲೇ ಸ್ವಲ್ಪ ದುಡ್ಡು ತೆಗೆದುಕೊಂಡು ನಡೆಸಬಹುದಲ್ಲ ಅಂತ ಪ್ರತಿ ಸಭೆಯಲ್ಲೂ ಯಾರಾದರೂ ಹೇಳುತ್ತಾರೆ. ಪ್ರಯತ್ನ ಮಾಡಿದೆವು. ಕಾರ್ಡಿಗೆ ಹತ್ತು ರೂಪಾಯಿ ಇಟ್ಟೆವು. ಡೀಸೆಲ್‌ಗೂ ಸಾಲಲಿಲ್ಲ, ಮೇಲೆ ತೀರಾ ಬಡವರು ಮೊದಲು ಬಿಟ್ಟುಹೋದರು. ಹತ್ತು ರೂಪಾಯಿಗಲ್ಲ, ಹತ್ತು ರೂಪಾಯಿ ಇಲ್ಲ ಅಂತ ಎಲ್ಲರೆದುರು ಹೇಳಬೇಕಲ್ಲ ಅನ್ನುವುದಕ್ಕೆ.

ಟ್ರಸ್ಟಿಗಳೇ, ನಿಮ್ಮ ಜೊತೆ ಸಲಿಗೆಯಿಂದ ಮಾತಾಡುತ್ತೇನೆ, ಇಷ್ಟು ವರ್ಷ ನಿಮ್ಮ ಚಹಾ ಕುಡಿದಿದ್ದೇನೆ. "ಇಲ್ಲ, ಮೂರು ವರ್ಷಕ್ಕೆ ಈ ಕೆಲಸ ಬೇಡ" ಅಂತ ದಾನಿಗೆ ಹೇಳುವ ಧೈರ್ಯ ನಮಗೆ ಬರಬೇಕು. ಕಣ್ಣಿನ ಆಪರೇಷನ್ ಶಿಬಿರಕ್ಕೆ ಮೂರು ವರ್ಷ ಸಾಕು, ಪೊರೆ ತೆಗೆದರೆ ಮುಗಿಯಿತು. ಶಾಲೆಗೆ ಶೌಚಾಲಯ ಕಟ್ಟಲೂ ಸಾಕು, ತೊಳೆಯುವವರ ಸಂಬಳ ಯಾರು ಕೊಡುತ್ತಾರೆ ಅಂತ ಬರೆದುಕೊಂಡರೆ. ಬಿಪಿ, ಶುಗರ್, ಮಾನಸಿಕ ಕಾಯಿಲೆ, ಎಚ್‌ಐವಿ ಇವಕ್ಕೆ ಸಾಲದು. ಇಂಥ ಹಣ ಬಂದರೆ ಗಾಡಿ ಕೊಳ್ಳುವ ಬದಲು ಇರುವ ಆರೋಗ್ಯ ಕೇಂದ್ರದಲ್ಲಿ ಬಿಪಿ ರೋಗಿಗಳ ದಿನ ಗೊತ್ತುಮಾಡಿ, ಕೂರಲು ಬೆಂಚು ಹಾಕಿ, ಸಾಲು ಬೇಗ ಸಾಗುವ ಹಾಗೆ ಮಾಡಿ, ಒಂದು ತಿಂಗಳ ಮಾತ್ರೆ ಒಟ್ಟಿಗೆ ಸಿಗುವ ಹಾಗೆ ಓಡಾಡೋಣ. ಫೋಟೋ ಚೆನ್ನಾಗಿ ಬರುವುದಿಲ್ಲ ನಿಜ. ಬೆಂಚಿನ ಮೇಲೆ ಲೋಗೋ ಚಿಕ್ಕದಾಗಿ ಹಾಕಬೇಕಾಗುತ್ತದೆ.

ಕೊನೆಗೆ ಒಂದು ಕೆಲಸದ ಮಾತು. ಆ ಹನ್ನೊಂದು ಹಳ್ಳಿಗಳ ಬಿಪಿ, ಶುಗರ್ ರೋಗಿಗಳ ನಾಲ್ಕು ರಿಜಿಸ್ಟರ್‌ಗಳು ಈಗಲೂ ಹಳೇ ಆಫೀಸಿನ ಬೀರುವಿನಲ್ಲಿವೆ. ಬೀಗದ ಕೈ ನನ್ನ ಹತ್ತಿರ ಇದೆ. ಯಾರಿಗೆ ಯಾವಾಗ ಎಷ್ಟು ಬಿಪಿ ಇತ್ತು, ಯಾವ ಮಾತ್ರೆ ಹೊಂದಿತು, ಯಾರಿಗೆ ಕಾಲು ಊದಿಕೊಂಡು ಬದಲಾಯಿಸಿದೆವು, ಎಲ್ಲ ನಮ್ಮ ನರ್ಸ್‌ಗಳ ಕೈಬರಹದಲ್ಲಿದೆ. ಜನರ ಖಾಸಗಿ ವಿಷಯ, ಸುಮ್ಮನೆ ಯಾರ ಕೈಗೋ ಕೊಡುವಂತಿಲ್ಲ. ಎರಡು ಸಲ ತೆಗೆದುಕೊಂಡು ಹೋದೆ. ಒಂದು ಕಡೆ ಇದಕ್ಕೆ ಕವರಿಂಗ್ ಲೆಟರ್ ಬೇಕು ಅಂದರು, ಇನ್ನೊಂದು ಕಡೆ ಇದು ನಮ್ಮ ವಿಭಾಗಕ್ಕೆ ಬರುವುದಿಲ್ಲ ಅಂದರು. ಕವರಿಂಗ್ ಲೆಟರ್ ಬರೆದಿಟ್ಟಿದ್ದೇನೆ. ಮುಂದಿನ ವರ್ಷದ ಇಂಡೆಂಟ್ ಹಾಕುವ ಮೊದಲು ಈ ಹೆಸರುಗಳು ಅದರೊಳಗೆ ಸೇರಬೇಕು. ಯಾವ ಆಫೀಸು, ಯಾವ ಟೇಬಲ್, ಎಷ್ಟು ಗಂಟೆಗೆ ಬರಬೇಕು ಅಂತ ಹೇಳಿ. ಬೆಳಗಿನ ಮೊದಲ ಬಸ್ಸಿಗೆ ಬರುತ್ತೇನೆ.

ಇಂತಿ,
ನಿಂತ ಗಾಡಿಯ ಲೆಕ್ಕ ಬರೆದವಳು